ಹೆಚ್ಚಾದ 30 ಎಂಎಲ್ ಹಾಲು: ಐದು ತಿಂಗಳ ಮಗುವಿಗೆ ಆಯಾ ಹುಡುಕಿದ ಒಂದು ಪ್ರಕರಣ

ಹಿನ್ನೆಲೆ

ಮಗುವಿಗೆ ಐದು ತಿಂಗಳು ಒಂದು ವಾರ ಆಗುವ ಹೊತ್ತಿಗೆ ತಾಯಿಯ ರಜೆ ಮುಗಿಯುತ್ತಿತ್ತು. ಹೆರಿಗೆ ಸೌಲಭ್ಯ ಕಾಯ್ದೆಗೆ ಬಂದ 2017ರ ತಿದ್ದುಪಡಿಯ ನಂತರ ಮೊದಲ ಎರಡು ಹೆರಿಗೆಗೆ 26 ವಾರ ಸಂಬಳದ ರಜೆ ಸಿಗುತ್ತದೆ. ಈ ತಾಯಿ ಕಾಲು ಬಾವು ಬಂದು, ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಓಡಾಡಲಾಗದೆ, ಹೆರಿಗೆಗೆ 3 ವಾರ ಮುಂಚೆಯೇ ರಜೆ ಹಾಕಿದ್ದರು. ಉಳಿದದ್ದು 23 ವಾರ. ಆರು ತಿಂಗಳು ತುಂಬುವವರೆಗೆ ಎದೆಹಾಲು ಮಾತ್ರ, ನೀರೂ ಬೇಡ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಮಕ್ಕಳ ಡಾಕ್ಟರೂ ಅದನ್ನೇ ಹೇಳಿದ್ದರು. ಹೀಗೆ ರಜೆ ಮುಗಿದು ರಾಗಿ ಸರಿ ಶುರುವಾಗುವವರೆಗೆ ಸುಮಾರು ಮೂರು ವಾರ ನಡುವೆ ಉಳಿಯಿತು. ಅಷ್ಟು ದಿನ ಮಗುವಿನ ಹೊಟ್ಟೆ ತುಂಬಬೇಕಾದ್ದು ಹಿಂಡಿಟ್ಟ ಹಾಲಿನಿಂದ, ಅದನ್ನು ಕುಡಿಸುವ ಇನ್ನೊಬ್ಬರ ಕೈಯಿಂದ.

ತವರಿನಲ್ಲಿ ಬಾಣಂತನ ಮುಗಿಸಿ ಬಂದ ಮೇಲೆ ಮನೆಯಲ್ಲಿ ಜೊತೆಗಿದ್ದವರು ಗಂಡನ ತಾಯಿ. ಮೈಸೂರು ಕಡೆಯವರು, ಅರವತ್ತು ದಾಟಿದವರು, ಎರಡೂ ಮಂಡಿ ನೋವು. ಕೂತಲ್ಲಿ ಮಗುವನ್ನು ಆಡಿಸುತ್ತಿದ್ದರು, ಆದರೆ ಹತ್ತು ಗಂಟೆ ಹೊತ್ತುಕೊಂಡು ಓಡಾಡುವುದು ಆಗದ ಮಾತು. 50 ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಶಿಶುಪಾಲನಾ ಕೇಂದ್ರದ ಸೌಲಭ್ಯ ಇರಬೇಕೆಂಬುದು ಅದೇ ತಿದ್ದುಪಡಿ ತಂದ ನಿಯಮ. ತಾಯಿಯ ಕಚೇರಿಯವರು ಒಂದು ಡೇಕೇರ್ ಜೊತೆ ಒಪ್ಪಂದವನ್ನೂ ಮಾಡಿಕೊಂಡಿದ್ದರು. ಆದರೆ ಅಲ್ಲಿ ಒಂದು ವರ್ಷ ತುಂಬಿದ ಮಕ್ಕಳನ್ನು ಮಾತ್ರ ತೆಗೆದುಕೊಳ್ಳುತ್ತಿದ್ದರು.

ಹುಡುಕಾಟ ಶುರುವಾದದ್ದು ರಜೆ ಮುಗಿಯಲು ಐದು ವಾರ ಇರುವಾಗ. ಇದು ಬಹಳ ಬೇಗ ಏನಲ್ಲ. ಐದು ವಾರದಲ್ಲಿ ಕಡೆಯ ಎರಡನ್ನು, ತಾಯಿ ಮನೆಯಲ್ಲಿರುವಾಗಲೇ ನಡೆಯುವ ಪರೀಕ್ಷಾ ದಿನಗಳಿಗೆ ಎತ್ತಿಡಬೇಕು. ಈ ಮನೆಯವರು ಅದನ್ನು ಮೊದಲೇ ಯೋಚಿಸಿದ್ದರು. ಇಡೀ ಪ್ರಕರಣದಲ್ಲಿ ಅವರಿಗೆ ಅತಿ ಹೆಚ್ಚು ಕೈಹಿಡಿದದ್ದು ಇದೇ.

ಫೋನಿನಲ್ಲಿ

ಅಡುಗೆಯವರು, ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪು, ಒಂದು ಏಜೆನ್ಸಿ, ಹೀಗೆ ಮೂರು ಕಡೆಯಿಂದ ಹನ್ನೊಂದು ಹೆಸರು ಬಂದವು. ಎಲ್ಲರನ್ನೂ ಮನೆಗೆ ಕರೆಸದೆ ಮೊದಲು ಹತ್ತು ಹದಿನೈದು ನಿಮಿಷ ಫೋನಿನಲ್ಲಿ ಮಾತಾಡಿದರು. ಕೇಳಿದ್ದು ಕೆಲವೇ ಸಂಗತಿ. ನೀವು ನೋಡಿಕೊಂಡ ಅತಿ ಚಿಕ್ಕ ಮಗುವಿಗೆ ಆಗ ಎಷ್ಟು ತಿಂಗಳು? ಆ ಮನೆಯಲ್ಲಿ ಎಷ್ಟು ದಿನ ಇದ್ದಿರಿ, ಯಾಕೆ ಬಿಟ್ಟಿರಿ? ಬೆಳಗ್ಗೆ ಮನೆಯಿಂದ ಇಲ್ಲಿಗೆ ಬರಲು ಎಷ್ಟು ಹೊತ್ತು, ಬಸ್ಸೋ ನಡಿಗೆಯೋ? ನಿಮ್ಮ ಮಕ್ಕಳಿಗೆ ಜ್ವರ ಬಂದರೆ ಅವತ್ತು ಅವರನ್ನು ನೋಡಿಕೊಳ್ಳುವವರು ಯಾರು? ಊರ ಜಾತ್ರೆ ಯಾವ ತಿಂಗಳು, ಎಷ್ಟು ದಿನ ಬೇಕಾಗುತ್ತದೆ?

ಕೊನೆಯ ಎರಡು ಪ್ರಶ್ನೆ ಯಾರನ್ನೂ ತಿರಸ್ಕರಿಸಲು ಕೇಳಿದವಲ್ಲ. ಮನೆಯಲ್ಲಿ ನೋಡಿಕೊಳ್ಳುವವರಿಲ್ಲದ ತಾಯಿ ತನ್ನ ಮಗುವಿಗೆ ಜ್ವರ ಬಂದ ದಿನ ಕೆಲಸಕ್ಕೆ ಬರುವುದಿಲ್ಲ, ಬರಲೂಬಾರದು. ಅದು ಮೊದಲೇ ಗೊತ್ತಿದ್ದರೆ ಬದಲಿ ವ್ಯವಸ್ಥೆ ಮಾಡಿಕೊಳ್ಳಬಹುದು. ಗೊತ್ತಿಲ್ಲದಿದ್ದರೆ ಬೆಳಗ್ಗೆ ಎಂಟಕ್ಕೆ ಫೋನು ಬರುತ್ತದೆ, ಒಂಬತ್ತಕ್ಕೆ ಮೀಟಿಂಗ್ ಇರುತ್ತದೆ.

ಹನ್ನೊಂದರಲ್ಲಿ ಐವರು ಉಳಿದರು. ಬಿಟ್ಟವರಲ್ಲಿ ಇಬ್ಬರಿಗೆ ದೂರ ಜಾಸ್ತಿ, ಮೂವರು ಎರಡು ವರ್ಷಕ್ಕಿಂತ ಚಿಕ್ಕ ಮಕ್ಕಳನ್ನು ನೋಡಿಕೊಂಡವರೇ ಅಲ್ಲ. ಒಬ್ಬರಿಗೆ ಮಾತಿನ ನಡುವೆ ಪದೇ ಪದೇ ಕೆಮ್ಮು, ಕೇಳಿದ್ದಕ್ಕೆ "ಒಂದು ತಿಂಗಳಿಂದ ಇದೆ" ಎಂದರು. ಎರಡು ವಾರ ದಾಟಿದ ಕೆಮ್ಮಿಗೆ ಕಫ ಪರೀಕ್ಷೆ ಮಾಡಿಸಬೇಕು, ಸರ್ಕಾರಿ ಆಸ್ಪತ್ರೆಯಲ್ಲಿ ಅದು ಉಚಿತ ಎಂದು ಅವರಿಗೆ ಹೇಳಿ ಫೋನ್ ಇಟ್ಟರು.

ಮನೆಗೆ ಬಂದವರು

ಏಜೆನ್ಸಿ ಕಳಿಸಿದ್ದು ಒಬ್ಬ ಹುಡುಗಿಯನ್ನು. ಒಂದು ತಿಂಗಳ ಸಂಬಳ ಕಮಿಷನ್, ಹನ್ನೊಂದು ತಿಂಗಳಲ್ಲಿ ಎರಡು ಸಲ ಬದಲಿ ಕಳಿಸುವ ಭರವಸೆ. ಆಧಾರ್ ತೋರಿಸಿ ಎಂದಾಗ ಜೊತೆಗೆ ಬಂದ ವ್ಯಕ್ತಿ "ಕಾರ್ಡು ಆಫೀಸಲ್ಲಿದೆ" ಎಂದ. ಒತ್ತಾಯಿಸಿದ ಮೇಲೆ ಫೋಟೋ ಬಂತು, ಹುಟ್ಟಿದ ವರ್ಷ ಲೆಕ್ಕ ಹಾಕಿದರೆ ಹದಿನಾರು. ಅಲ್ಲಿಗೆ ಆ ಮಾತು ಮುಗಿಯಿತು. ಐದು ತಿಂಗಳ ಕೂಸನ್ನು ಹತ್ತು ಗಂಟೆ ಒಂಟಿಯಾಗಿ ನೋಡಿಕೊಳ್ಳುವ ಕೆಲಸ ಹದಿನಾರರ ಹುಡುಗಿಗೆ ಕೊಡುವುದಲ್ಲ, ಕಮಿಷನ್ ಎಷ್ಟೇ ಕಮ್ಮಿಯಾಗಲಿ.

ಎರಡನೆಯವರು ಬಹಳ ಚೆನ್ನಾಗಿ ಮಾತಾಡಿದರು. ಜ್ವರ ಬಂದರೆ? ನಿಮಗೆ ಫೋನ್ ಮಾಡ್ತೀನಿ. ಅತ್ತರೆ? ಡೈಪರ್ ನೋಡ್ತೀನಿ, ಹಸಿವಾ ನೋಡ್ತೀನಿ. ಹೇಗೆ ಮಲಗಿಸ್ತೀರಿ? ಅಂಗಾತ. ಎಲ್ಲ ಉತ್ತರವೂ ಸರಿ. ಎರಡು ವರ್ಷ ಇದ್ದೆ ಎಂದ ಮನೆಗೆ ಫೋನ್ ಮಾಡಿದರೆ, ಆ ಕಡೆಯವರು "ಆರು ತಿಂಗಳು ಅಡುಗೆಗೆ ಬರ್ತಿದ್ರು, ಮಗು ನನ್ನ ಅಮ್ಮನೇ ನೋಡ್ಕೊಂಡ್ರು" ಎಂದರು. ಇನ್ನೊಂದು ನಂಬರಿನವರಿಗೆ ಮಗುವಿನ ಹೆಸರೇ ಥಟ್ಟನೆ ಹೊಳೆಯಲಿಲ್ಲ. ಹಳೆಯ ಮನೆಯವರನ್ನು ವಿಚಾರಿಸುವಾಗ "ಹೇಗಿದ್ದರು?" ಎಂದು ಕೇಳಿದರೆ ಎಲ್ಲರೂ "ಒಳ್ಳೆಯವರು" ಎನ್ನುತ್ತಾರೆ. ಮಗುವಿನ ಹೆಸರೇನು, ಇವರು ಸೇರಿದಾಗ ಎಷ್ಟು ತಿಂಗಳು, ಎಷ್ಟು ಗಂಟೆಗೆ ಬರುತ್ತಿದ್ದರು ಎಂದು ಕೇಳಬೇಕು. ಕೊನೆಗೆ: "ಮತ್ತೊಂದು ಮಗು ಆದರೆ ಇವರನ್ನೇ ಕರೀತೀರಾ?" ಆ ಪ್ರಶ್ನೆಗೆ ಉತ್ತರ ಬರುವ ಮೊದಲು ಎಷ್ಟು ಹೊತ್ತು ಹಿಡಿಯಿತು ಎಂಬುದನ್ನೂ ಗಮನಿಸಬೇಕು.

ಮೂರನೆಯವರು ಬಾಗಿಲಲ್ಲಿ ಚಪ್ಪಲಿ ಬಿಟ್ಟು "ಕೈ ತೊಳ್ಕೊಳ್ಳೋದು ಎಲ್ಲಿ?" ಎಂದು ಕೇಳಿದರು. ಸೋಪು ಹಾಕಿ ಮೊಣಕೈವರೆಗೆ ತೊಳೆದರು. ತಾಳಿ ಸರಕ್ಕೆ ಸಿಕ್ಕಿಸಿದ್ದ ಎರಡು ಪಿನ್ನುಗಳನ್ನು ಬಿಚ್ಚಿ ಪರ್ಸಿಗೆ ಹಾಕಿದರು. ಯಾರೂ ಹೇಳಿರಲಿಲ್ಲ. ಮುಡಿದ ಹೂವನ್ನೂ ತೆಗೆದು ಪಕ್ಕಕ್ಕಿಟ್ಟರು, ಈ ವಯಸ್ಸಿನ ಮಗು ಕೈಗೆ ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುತ್ತದಲ್ಲ. ತಕ್ಷಣ ಎತ್ತಿಕೊಳ್ಳದೆ ಚಾಪೆಯ ಪಕ್ಕ ಕೂತು, ಮಗು ತಾನಾಗಿ ಮುಖ ನೋಡುವವರೆಗೆ ಕಾದರು. ಐವರಲ್ಲಿ ಇಷ್ಟು ಪಳಗಿದ ಕೈ ಇನ್ನೊಂದಿರಲಿಲ್ಲ.

ಅಜ್ಜಿ ಅವರಿಗೆ ಕಾಫಿ ಕೊಟ್ಟರು, ಕೆಲಸದವರಿಗೆಂದೇ ಬೇರೆ ಇಟ್ಟಿದ್ದ ಲೋಟದಲ್ಲಿ. ಉಳಿದವರಿಗೆ ಬೇರೆ ಲೋಟ. ಅವರು ಕಾಫಿ ಕುಡಿದರು, ಲೋಟ ತಾವೇ ತೊಳೆದಿಟ್ಟರು. "ಸಂಜೆ ಹೇಳ್ತೀನಿ ಮೇಡಂ" ಎಂದು ಹೊರಟರು. ಸಂಜೆ ಫೋನ್ ಮಾಡಿ ಬರುವುದಿಲ್ಲ ಎಂದರು. ಕಾರಣ ಕೇಳಿದಾಗ ಮೊದಲು ದೂರ ಎಂದರು. ಎರಡನೇ ಸಲ ಕೇಳಿದಾಗ ಹೇಳಿದ್ದು: "ಮಗೂನ ಎದೆಗೆ ಒತ್ತಿಕೊಳ್ಳಬಹುದು, ಲೋಟ ಮುಟ್ಟಬಾರದು ಅಂದ್ರೆ ಹೆಂಗೆ?" ಮನೆಯವರಲ್ಲಿ ಉತ್ತರವಿರಲಿಲ್ಲ. ಸಂದರ್ಶನ ಎರಡೂ ಕಡೆಯಿಂದ ನಡೆಯುತ್ತದೆ. ಅವತ್ತು ಫೇಲಾದದ್ದು ಮನೆ. ಮರುದಿನ ಆ ಲೋಟಗಳನ್ನು ತೆಗೆದುಹಾಕಿದ್ದು ಗಂಡ. ಅಮ್ಮನ ಜೊತೆ ಅವರು ಏನು ಮಾತಾಡಿದರೋ, ಅದು ಅವರಿಬ್ಬರ ನಡುವೆ ಉಳಿಯಿತು.

ನಾಲ್ಕನೆಯವರು ಐವತ್ತು ದಾಟಿದವರು, ಹತ್ತಿರದ ಅಪಾರ್ಟ್‌ಮೆಂಟುಗಳಲ್ಲೇ ಹಲವು ಮಕ್ಕಳನ್ನು ಬೆಳೆಸಿದವರು. ಐದನೆಯವರು ಉತ್ತರ ಕರ್ನಾಟಕದ ಕಡೆಯವರು, ಮೂವತ್ತರ ಆಸುಪಾಸು, ಎರಡು ಮಕ್ಕಳ ತಾಯಿ, ಅವಳಿ ಮಕ್ಕಳಿದ್ದ ಒಂದು ಮನೆಯಲ್ಲಿ ಎಂಟು ತಿಂಗಳು ಕೆಲಸ ಮಾಡಿದ ಅನುಭವ. ಇಬ್ಬರ ಹಳೆಯ ಮನೆಯವರೂ ಹೇಳಿದ್ದು ತಾಳೆಯಾಯಿತು.

ಇಬ್ಬರಿಗೂ ಕೇಳಿದ ಪ್ರಶ್ನೆಗಳು "ಹೀಗಾದರೆ ಏನು ಮಾಡ್ತೀರಿ" ಎಂಬ ಜಾತಿಯವಲ್ಲ. ಅಂಥವಕ್ಕೆ ಸರಿಯುತ್ತರ ಎಲ್ಲರಿಗೂ ಗೊತ್ತು, ಎರಡನೆಯವರನ್ನು ನೋಡಿಯಾಗಿತ್ತಲ್ಲ. "ಹೋದ ಮನೇಲಿ ಮಗು ನಿಲ್ಲಿಸದೆ ಅತ್ತ ದಿನ ನೆನಪಿದೆಯಾ? ಅವತ್ತು ಏನೇನಾಯ್ತು?" ಎಂದು ನಡೆದದ್ದನ್ನು ಕೇಳಿದರು. ನಾಲ್ಕನೆಯವರು "ನನ್ನ ಕೈಲಿ ಯಾವ ಮಗೂನೂ ಹಂಗೆ ಅಳೋದಿಲ್ಲ" ಎಂದರು. ಐದನೆಯವರು ಸ್ವಲ್ಪ ಯೋಚಿಸಿ ಹೇಳಿದರು: "ಒಂದಿನ ಎರಡೂ ಕೂಸು ಕೂಡೇ ಅತ್ತೂರಿ. ಒಂದನ್ನ ಎತ್ತಿಕೊಂಡ್ರ ಇನ್ನೊಂದು. ನನಗ ತಲಿ ಕೆಟ್ಟು ಹೋತು. ಎರಡನ್ನೂ ಕೆಳಗ ಹಾಸಿಗಿ ಮ್ಯಾಲ ಮಲಗಿಸಿ, ಬಾಗಲದಾಗ ನಿಂತು ನೀರು ಕುಡದು ಬಂದೆರಿ."

ಇಲ್ಲಿ ಮನೆಯವರು ಎಡವಿದರು. ಮೊದಲ ಉತ್ತರ ಆತ್ಮವಿಶ್ವಾಸದ್ದು, ಎರಡನೆಯದು ದುರ್ಬಲವಾದದ್ದು ಎಂದು ಬರೆದುಕೊಂಡರು. ಅಸಲಿಗೆ ಎರಡನೆಯದೇ ಸರಿಯಾದ ಉತ್ತರ. ಅಳುವ ಕೂಸಿನ ಮುಂದೆ ಸಿಟ್ಟು ಬರದ ಮನುಷ್ಯರಿಲ್ಲ. ಆ ಸಿಟ್ಟಿನಲ್ಲಿ ಒಮ್ಮೆ ಜೋರಾಗಿ ಅಲುಗಿಸಿದರೂ ಮಗುವಿನ ಮಿದುಳಿನಲ್ಲಿ ರಕ್ತಸ್ರಾವ ಆಗಬಹುದು, ಕಣ್ಣು ಹೋಗಬಹುದು, ಜೀವವೇ ಹೋಗಬಹುದು. ಮಗುವನ್ನು ಉರುಳಿ ಬೀಳದ ಜಾಗದಲ್ಲಿ ಅಂಗಾತ ಮಲಗಿಸಿ, ಕೋಣೆಯಿಂದ ಆಚೆ ಬಂದು ಐದು ನಿಮಿಷ ಉಸಿರಾಡುವುದನ್ನೇ ವೈದ್ಯರೂ ಹೇಳುವುದು. ಆಕೆ ಅದನ್ನು ಯಾರೂ ಕಲಿಸದೆ ಮಾಡಿದ್ದರು, ಮಾಡಿದ್ದನ್ನು ಮುಚ್ಚಿಡಲೂ ಇಲ್ಲ. ಆದರೂ ಅನುಭವದ ಲೆಕ್ಕ ನೋಡಿ ಮೊದಲು ಪರೀಕ್ಷೆಗೆ ಕರೆದದ್ದು ನಾಲ್ಕನೆಯವರನ್ನು.

ಪರೀಕ್ಷಾ ದಿನಗಳು

ಐದು ದಿನ, ದಿನಕ್ಕೆ 800 ರೂಪಾಯಿ, ಸಂಜೆ ಹೊರಡುವಾಗಲೇ ಕೈಗೆ. ದುಡ್ಡು ಕೊಡದೆ "ಬಂದು ನೋಡಿ" ಎನ್ನುವುದು ಬಿಟ್ಟಿ ಕೆಲಸ. ಬಿಟ್ಟಿ ಕೆಲಸದಲ್ಲಿ ಯಾರ ನಿಜವಾದ ಕೈಯೂ ಕಾಣುವುದಿಲ್ಲ. ಮೊದಲ ದಿನ ತಾಯಿ ಎಲ್ಲ ಮಾಡುವುದು, ಬಂದವರು ನೋಡುವುದು. ಎರಡನೇ ದಿನ ಅವರು ಮಾಡುವುದು, ತಾಯಿ ಪಕ್ಕದಲ್ಲಿ. ಮೂರನೇ ದಿನ ತಾಯಿ ಬೇರೆ ಕೋಣೆಯಲ್ಲಿ. ನಾಲ್ಕನೇ ದಿನ ತಾಯಿ ಎರಡು ಗಂಟೆ ಆಚೆ. ಐದನೇ ದಿನ ಇಡೀ ಹಗಲು.

ಹಾಲಿನ ಲೆಕ್ಕವನ್ನು ಹೀಗೆ ಹಾಕಿದ್ದರು. ಈ ವಯಸ್ಸಿನ ಮಗುವಿಗೆ ತಾಯಿ ದೂರವಿರುವ ಗಂಟೆಯೊಂದಕ್ಕೆ ಸುಮಾರು 30ರಿಂದ 45 ಎಂಎಲ್ ಹಾಲು ಬೇಕು. ಹೊರಡುವ ಮುಂಚೆ ಒಮ್ಮೆ, ಬಂದ ಕೂಡಲೇ ಒಮ್ಮೆ ತಾಯಿಯೇ ಕುಡಿಸುವುದರಿಂದ, ಹತ್ತು ಗಂಟೆಗೆ 90 ಎಂಎಲ್‌ನ ನಾಲ್ಕು ಬಾಟಲಿ. ಫ್ರಿಜ್ಜಿನ ಬಾಗಿಲಲ್ಲಿ ಅಲ್ಲ, ಒಳಗೆ ಹಿಂಬದಿಯಲ್ಲಿ. ಬಾಗಿಲು ತೆಗೆದಾಗಲೆಲ್ಲ ಅಲ್ಲಿನ ತಂಪು ಏರಿಳಿಯುತ್ತದೆ. ಪ್ರತಿ ಬಾಟಲಿಗೂ ಹಿಂಡಿದ ದಿನ, ಹೊತ್ತು, ಅಳತೆ ಬರೆದ ಚೀಟಿ. ಹೊಸದಾಗಿ ಹಿಂಡಿದ ಹಾಲು ಹೊರಗೆ 25 ಡಿಗ್ರಿಯೊಳಗಿನ ತಾಪದಲ್ಲಿ 4 ಗಂಟೆ, ಫ್ರಿಜ್ಜಿನಲ್ಲಿ 4 ದಿನ ಇರುತ್ತದೆ. ಫ್ರೀಜರಿನಿಂದ ತೆಗೆದು ಕರಗಿಸಿದ್ದನ್ನು ಫ್ರಿಜ್ಜಿನಲ್ಲೇ ಇಟ್ಟು 24 ಗಂಟೆಯೊಳಗೆ ಮುಗಿಸಬೇಕು, ಮತ್ತೆ ಗಟ್ಟಿ ಮಾಡುವಂತಿಲ್ಲ. ಬಿಸಿ ಮಾಡುವುದು ಬಿಸಿನೀರಿನ ಪಾತ್ರೆಯಲ್ಲಿ ಬಾಟಲಿ ಇಟ್ಟು. ಒಲೆ ಮೇಲಲ್ಲ, ಮೈಕ್ರೋವೇವಿನಲ್ಲಂತೂ ಅಲ್ಲ, ಅದರಲ್ಲಿ ಒಂದು ಕಡೆ ತಣ್ಣಗಿದ್ದು ಇನ್ನೊಂದು ಕಡೆ ನಾಲಿಗೆ ಸುಡುವಷ್ಟು ಬಿಸಿಯಾಗಿರುತ್ತದೆ. ಮಗು ಬಾಯಿ ಹಾಕಿದ ಬಾಟಲಿಯಲ್ಲಿ ಉಳಿದದ್ದನ್ನು 2 ಗಂಟೆಯೊಳಗೆ ಕುಡಿಸಬೇಕು, ಇಲ್ಲವೇ ಚೆಲ್ಲಬೇಕು. ಬಾಯಿಯ ಜೊಲ್ಲು ಹಾಲಿಗೆ ಸೇರಿರುತ್ತದೆ, ಅದರ ಜೊತೆ ಬ್ಯಾಕ್ಟೀರಿಯಾವೂ.

ನಾಲ್ಕನೆಯವರ ಮೊದಲೆರಡು ದಿನ ಚೆನ್ನಾಗಿಯೇ ನಡೆದವು. ಮಗು ಅವರ ಭುಜದ ಮೇಲೆ ನಿದ್ದೆ ಹೋಯಿತು. ಮೂರನೇ ದಿನ ಮಧ್ಯಾಹ್ನ ತಾಯಿ ಫ್ರಿಜ್ ತೆಗೆದಾಗ ಒಂದು ಬಾಟಲಿಯ ಚೀಟಿಯಲ್ಲಿ 90 ಎಂದಿತ್ತು, ಹಾಲು 120ರ ಗೀಟು ಮುಟ್ಟಿತ್ತು.

ಏನಾಗಿದೆ ಎಂದು ಊಹಿಸುವುದು ಕಷ್ಟವಲ್ಲ. ಮಗು 60 ಕುಡಿದು 30 ಬಿಟ್ಟಿತ್ತು, ಬಿಟ್ಟದ್ದು ಇನ್ನೊಂದು ಬಾಟಲಿಗೆ ಸೇರಿತ್ತು. ಎದೆಹಾಲು ಹಿಂಡುವ ಕಷ್ಟ ಗೊತ್ತಿರುವ ಯಾವ ಹೆಂಗಸಿಗಾದರೂ ಅದನ್ನು ಸಿಂಕಿಗೆ ಸುರಿಯಲು ಮನಸ್ಸು ಬರುವುದಿಲ್ಲ. ತಪ್ಪು ತಿದ್ದಬಹುದಾದದ್ದು. ತಾಯಿ ಮೆಲ್ಲಗೇ ಕೇಳಿದರು: "ಉಳಿದಿದ್ದು ಇದಕ್ಕೆ ಹಾಕಿದ್ರಾ ಅಮ್ಮ?"

"ಇಲ್ವಲ್ಲ. ನೀವೇ ತಪ್ಪು ಬರೆದಿರ್ಬೇಕು ನೋಡಿ."

ಎರಡನೇ ಸಲ ಕೇಳಿದಾಗಲೂ ಅದೇ ಮಾತು, ಸ್ವಲ್ಪ ಗಟ್ಟಿಯಾಗಿ. ಆ ಬಾಟಲಿ ಸಿಂಕಿಗೆ ಹೋಯಿತು. ರಾತ್ರಿ ಗಂಡ ಹೆಂಡತಿ ಬಹಳ ಹೊತ್ತು ಮಾತಾಡಿದರು. ಗಂಡನ ವಾದ: 30 ಎಂಎಲ್‌ಗೆ ಇಷ್ಟು ಅನುಭವದವರನ್ನು ಬಿಡುವುದಾ, ಹೇಳಿಕೊಟ್ಟರೆ ಕಲಿಯುತ್ತಾರೆ. ಹೆಂಡತಿ ಹೇಳಿದ್ದು: ಹಾಲಿನ ವಿಷಯ ಕಲಿಸಬಹುದು. ಆದರೆ ಗೀಟು ಕಣ್ಣೆದುರಿಗಿರುವಾಗಲೇ ಇಲ್ಲ ಎನ್ನುವವರು, ಗೀಟೇ ಇಲ್ಲದ ಕಡೆ ಏನು ಹೇಳುತ್ತಾರೆ? ಮಾತಾಡಲು ಬಾರದ ಮಗುವಿನ ದಿನ ಹೇಗೆ ಕಳೆಯಿತೆಂದು ತಿಳಿಯಲು ಇರುವುದು ಒಂದೇ ದಾರಿ, ನೋಡಿಕೊಳ್ಳುವವರ ಬಾಯಿ. ಮರುದಿನ ಬೆಳಗ್ಗೆ ಐದೂ ದಿನದ ದುಡ್ಡು ಕೊಟ್ಟು, ಕಾರಣ ಹೇಳಿ ಕಳಿಸಿಕೊಟ್ಟರು. ಇಡೀ ಆಯ್ಕೆಯ ತಿರುವು ಇದು. ಅಲ್ಲಿಯವರೆಗೆ ಮನೆಯವರು ತಪ್ಪು ಮಾಡದವರನ್ನು ಹುಡುಕುತ್ತಿದ್ದರು.

ಅಜ್ಜಿ, ಒಳಲೆ, ಡಾಕ್ಟರು

ಐದನೆಯವರು ಬಂದ ಎರಡನೇ ದಿನವೇ ಬೇರೊಂದು ತೊಡಕು. ತಾಯಿ ಒಂದು ಹೇಳುತ್ತಿದ್ದರು, ಅಜ್ಜಿ ಇನ್ನೊಂದು. ಹೊಟ್ಟೆ ಉಬ್ಬರಕ್ಕೆ ಬಜೆ ತೇಯ್ದು ನಾಲಿಗೆಗೆ ಹಚ್ಚು. ಸೆಕೆ ಇದೆ, ಒಂದು ಚಮಚ ನೀರು ಹಾಕು. ತಲೆ ದುಂಡಗಾಗಲಿ, ಸಾಸಿವೆ ದಿಂಬು ಇಡು. ಕಣ್ಣಿಗೆ ಕಾಡಿಗೆ. ಆಯಾ ಇಬ್ಬರಿಗೂ "ಆತ್ರಿ" ಎನ್ನುತ್ತಿದ್ದರು. ಇಬ್ಬರು ಯಜಮಾನಿಯರ ನಡುವೆ ಸಿಕ್ಕವರಿಗೆ ಬೇರೆ ದಾರಿ ಏನಿದೆ? ಮುಂದುವರಿದಿದ್ದರೆ, ಆಕೆ ಒಬ್ಬರಿಗೆ ಗೊತ್ತಾಗದಂತೆ ಇನ್ನೊಬ್ಬರ ಮಾತು ನಡೆಸುವುದನ್ನು ಕಲಿಯುತ್ತಿದ್ದರು. ಸುಳ್ಳು ಹೇಳದವರನ್ನು ಹುಡುಕಿ ತಂದು ಮನೆಯೇ ಸುಳ್ಳು ಕಲಿಸಿದಂತೆ.

ಗಂಡ ಒಳ್ಳೆಯ ಉಪಾಯ ಮಾಡಿದರು. ಮಕ್ಕಳ ಡಾಕ್ಟರ ಹತ್ತಿರ ಸಮಯ ತೆಗೆದುಕೊಂಡು ಎಲ್ಲರೂ ಹೋದರು, ಅಜ್ಜಿಯೂ ಆಯಾ ಕೂಡ. ಕೇಳಿದ್ದು ಅಜ್ಜಿಯೇ. ಡಾಕ್ಟರು ಒಂದೊಂದಕ್ಕೂ ಕಾರಣ ಹೇಳಿದರು: ಆರು ತಿಂಗಳವರೆಗೆ ನೀರು ಬೇಡ, ಅಷ್ಟು ಹಾಲಿನ ಜಾಗವನ್ನು ನೀರು ತಿನ್ನುತ್ತದೆ. ಜೇನು ಒಂದು ವರ್ಷ ತುಂಬುವವರೆಗೂ ಬೇಡ, ಅದರಲ್ಲಿ ಬಾಟುಲಿಸಂ ಎಂಬ ಕಾಯಿಲೆ ತರುವ ಬೀಜಾಣು ಇರಬಹುದು. ಕಾಡಿಗೆಯಲ್ಲಿ ಸೀಸ ಇರುವುದುಂಟು. ದಿಂಬು, ದಪ್ಪ ಹೊದಿಕೆ ಮೂಗಿಗೆ ಅಡ್ಡವಾದರೆ ಈ ವಯಸ್ಸಿನ ಮಗು ಸರಿಸಿಕೊಳ್ಳಲಾರದು, ಗಟ್ಟಿ ಹಾಸಿಗೆಯ ಮೇಲೆ ಅಂಗಾತ ಮಲಗಿಸಬೇಕು. ಕೆಮ್ಮಿನ, ನಿದ್ದೆಯ ಸಿರಪ್ ಯಾರು ಹೇಳಿದರೂ ತಾವು ಬರೆಯದೆ ಕೊಡಬಾರದು. ಬಜೆಯೂ ಬೇಡ, ಬಾಯಿಗೆ ಹಾಕುವ ಯಾವುದೂ ಬೇಡ. ಎಣ್ಣೆ ಹಚ್ಚಿ ನೀರು ಹಾಕುವುದು? ಧಾರಾಳವಾಗಿ, ಕಿವಿಗೆ ಮೂಗಿಗೆ ಎಣ್ಣೆ ಬಿಡದಿದ್ದರೆ ಆಯಿತು. ಸ್ನಾನವಾದ ಮೇಲೆ ಸಾಂಬ್ರಾಣಿ ಹೊಗೆ ಮಾತ್ರ ಬೇಡ.

ಆ ಪಟ್ಟಿ ಫ್ರಿಜ್ಜಿನ ಬಾಗಿಲಿಗೆ ಅಂಟಿತು, ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ. ಅದು ಆಯಾಗೆ ಬರೆದ ನಿಯಮವಾಗಿರಲಿಲ್ಲ, ಮನೆಗೆ ಬರೆದದ್ದು. ಎಣ್ಣೆ ನೀರು ಅಜ್ಜಿಯ ಪಾಲಿಗೆ ಉಳಿಯಿತು. ಕೆಮ್ಮು, ಜ್ವರದ ಮಾತು ಬಂದಾಗ ನಾಯಿಕೆಮ್ಮು ಮತ್ತು ಫ್ಲೂ ಲಸಿಕೆಯನ್ನು ಮಗುವಿನ ಜೊತೆ ಇರುವ ದೊಡ್ಡವರೆಲ್ಲ ಹಾಕಿಸಿಕೊಳ್ಳುವುದು ಒಳ್ಳೆಯದು ಎಂದರು ಡಾಕ್ಟರು. ಆಯಾಗೆ ಹಾಕಿಸಿದ ದಿನವೇ ಅಜ್ಜಿಗೂ ಹಾಕಿಸಿದರು. ಕ್ಷಯ ಇಲ್ಲವೆಂದು ಖಚಿತಪಡಿಸಿಕೊಳ್ಳಲು ಆಯಾಗೆ ಮಾಡಿಸಿದ ಎದೆಯ ಎಕ್ಸ್‌ರೇ ಖರ್ಚೂ ಮನೆಯದೇ.

ಇಷ್ಟಾದರೂ ಮಗು ಬಾಟಲಿ ಮುಟ್ಟುತ್ತಿರಲಿಲ್ಲ. ನಾಲ್ಕನೆಯವರ ಕೈಯಲ್ಲಿ ಅರ್ಧ ಮನಸ್ಸಿನಿಂದ ಕುಡಿದದ್ದು, ಈಗ ಬಾಟಲಿ ಕಂಡರೆ ಮುಖ ತಿರುಗಿಸುತ್ತಿತ್ತು. ಆಗ ಅಜ್ಜಿ ಟ್ರಂಕಿನಿಂದ ಬೆಳ್ಳಿಯ ಒಳಲೆ (ಕೂಸಿಗೆ ಹಾಲು ಕುಡಿಸುವ, ಮೂತಿಯಿರುವ ಪುಟ್ಟ ಬಟ್ಟಲು) ತೆಗೆದರು. ಉತ್ತರ ಕರ್ನಾಟಕದ ಆಯಾಗೆ ಅದನ್ನು ಹಿಡಿದು ಗೊತ್ತಿರಲಿಲ್ಲ. ಅಜ್ಜಿಯೇ ಕೂರಿಸಿಕೊಂಡು ಹೇಳಿಕೊಟ್ಟರು: ಮಗುವನ್ನು ಮಲಗಿಸಿ ಕುಡಿಸಬಾರದು, ನೆತ್ತಿಗೇರುತ್ತದೆ. ತೊಡೆಯ ಮೇಲೆ ಕೂರಿಸಿದ ಹಾಗೆ ಎತ್ತಿ ಹಿಡಿಯಬೇಕು. ಮೂತಿಯನ್ನು ತುಟಿಯ ಮೂಲೆಗೆ ತಾಗಿಸಿ, ಹಾಲು ತುಟಿಗೆ ಮುಟ್ಟಿದರೆ ಸಾಕು, ಸುರಿಯಬಾರದು. ಮಗು ತಾನೇ ಎಳೆದುಕೊಂಡು ನುಂಗಿದ ಮೇಲೆ ಮುಂದಿನ ಗುಟುಕು. ಒಂದು ಸುತ್ತಿಗೆ ಇಪ್ಪತ್ತು ನಿಮಿಷ ಹಿಡಿಯುತ್ತದೆ, ಅವಸರ ಇಲ್ಲ. ಪ್ರತಿ ಸಲವೂ ಒಳಲೆಯನ್ನು ಸೋಪಿನಲ್ಲಿ ತೊಳೆದು ನೀರಿನಲ್ಲಿ ಕುದಿಸಬೇಕು, ಮೂತಿಯ ಸಂದಿಯಲ್ಲಿ ಹಾಲು ಕಟ್ಟಿಕೊಳ್ಳುತ್ತದೆ.

ಇದರಿಂದ ಹಾಲಿನ ವ್ಯವಸ್ಥೆಯೂ ಬದಲಾಯಿತು. 90ರ ನಾಲ್ಕು ಬಾಟಲಿಯ ಬದಲು 60ರ ಆರು. ಒಂದನ್ನು ಬಿಸಿ ಮಾಡು, ಮುಗಿದು ಇನ್ನೂ ಬೇಕೆಂದರೆ ಇನ್ನೊಂದು. ಚೆಲ್ಲುವ ಹಾಲು ಕಮ್ಮಿಯಾಯಿತು, ಉಳಿದದ್ದನ್ನು ಏನು ಮಾಡಲಿ ಎಂಬ ಸಂಕಟವೂ. ನಾಲ್ಕನೆಯವರು ಎಡವಿದ ಕಲ್ಲನ್ನು ಮನೆಯವರು ಆಮೇಲೆ ತೆಗೆದರು. ಮೊದಲೇ ತೆಗೆಯಬಹುದಿತ್ತು ಎಂಬುದೂ ನಿಜ.

ನಾಲ್ಕನೇ ದಿನ ತಾಯಿ ಹತ್ತಿರದ ಪಾರ್ಕಿನಲ್ಲಿ ಕೂತಿದ್ದಾಗ ಫೋನ್ ಬಂತು. "ಅಕ್ಕಾರ, ಒಂದು ಬಾಟ್ಲಿ ಕೈಜಾರಿ ಬಿತ್ರಿ. ಅರವತ್ತೂ ಹೋತು. ಗಾಜಿಂದಲ್ಲ, ಒಡದಿಲ್ಲ. ಇನ್ನೊಂದು ಬಿಸಿ ಮಾಡ್ಲೇನ್ರಿ?" ತಾಯಿ "ಮಾಡಿ" ಎಂದಷ್ಟೇ ಹೇಳಿದರು. ಸಂಜೆ ಆ ಮಾತು ಎತ್ತಲಿಲ್ಲ. ಕೆಲಸ ಆಕೆಗೆ ಸಿಕ್ಕಿದ್ದು ಆ ಫೋನಿನಿಂದ.

ಒಪ್ಪಂದ ಮತ್ತು ಕಾಗದ

ತಿಂಗಳಿಗೆ 21,000, ಬೆಳಗ್ಗೆ ಎಂಟೂಮುಕ್ಕಾಲರಿಂದ ಸಂಜೆ ಆರೂಮುಕ್ಕಾಲು, ಭಾನುವಾರ ರಜೆ, ತಿಂಗಳಿಗೊಂದು ಸಂಬಳದ ರಜೆ, ಜಾತ್ರೆಗೆ ನಾಲ್ಕು ದಿನ. ಮಗುವಿನ ಕೆಲಸ ಮಾತ್ರ: ಅದರ ಬಟ್ಟೆ, ಪಾತ್ರೆ, ಆಟದ ಸಾಮಾನು. "ಹಾಗೇ ಸ್ವಲ್ಪ ಪಾತ್ರೆ ತೊಳೆದುಬಿಡಿ" ಎಂಬುದು ಇಲ್ಲ. ಮಗು ಚಾಪೆಯ ಮೇಲಿರುವಾಗ ಸಿಂಕಿನ ಮುಂದೆ ನಿಂತ ಆಯಾ, ಮಗುವನ್ನು ನೋಡುತ್ತಿರುವುದಿಲ್ಲ. ಕರ್ನಾಟಕದಲ್ಲಿ ಮನೆಕೆಲಸವೂ ಕನಿಷ್ಠ ವೇತನದ ಪಟ್ಟಿಯಲ್ಲಿದೆ, ಒಪ್ಪಂದಕ್ಕೆ ಮುಂಚೆ ಆ ವರ್ಷದ ದರ ನೋಡಿಕೊಳ್ಳುವುದು ಒಳ್ಳೆಯದು.

ಆಧಾರ್ ಪ್ರತಿ, ಈಗಿನ ಬಾಡಿಗೆ ಮನೆಯ ವಿಳಾಸ (ಆಧಾರಿನಲ್ಲಿ ಊರಿನದಿರುತ್ತದೆ), ಗಂಡನ ಮತ್ತು ಒಬ್ಬ ಸಂಬಂಧಿಕರ ನಂಬರು, ಪೊಲೀಸ್ ವೆರಿಫಿಕೇಶನ್. ನಡುಮನೆಯಲ್ಲಿ ಕ್ಯಾಮೆರಾ ಇದೆ ಎಂದು ಮೊದಲ ದಿನವೇ ತೋರಿಸಿದರು. ಆಕೆ ಊಟ ಮಾಡುವ, ಬಟ್ಟೆ ಬದಲಿಸುವ ಕಡೆ ಇಲ್ಲ ಎಂಬುದನ್ನೂ. ಕ್ಯಾಮೆರಾದ ಬಗ್ಗೆ ಒಂದು ಮಾತು: ಆದದ್ದನ್ನು ಅದು ಆಮೇಲೆ ತೋರಿಸುತ್ತದೆ, ಅಷ್ಟೇ.

ಒಂದು ಭಾನುವಾರ ಬೊಂಬೆಯ ಮೇಲೆ ಅಭ್ಯಾಸ ನಡೆಯಿತು, ಅಜ್ಜಿಯೂ ಸೇರಿದಂತೆ. ಗಂಟಲಿಗೆ ಏನಾದರೂ ಸಿಕ್ಕಿ ಮಗು ಅಳಲೂ ಕೆಮ್ಮಲೂ ಆಗದಿದ್ದರೆ: ಮುಂದೋಳಿನ ಮೇಲೆ ಬೋರಲು, ತಲೆ ಮೈಗಿಂತ ಕೆಳಗೆ, ದವಡೆ ಹಿಡಿದು, ಎರಡು ಹೆಗಲ ಮೂಳೆಗಳ ನಡುವೆ ಅಂಗೈ ಬುಡದಿಂದ 5 ಪೆಟ್ಟು. ಹೋಗದಿದ್ದರೆ ಅಂಗಾತ ತಿರುಗಿಸಿ, ಮೊಲೆತೊಟ್ಟುಗಳ ಗೆರೆಯ ಸ್ವಲ್ಪ ಕೆಳಗೆ ಎದೆಮೂಳೆಯ ಮೇಲೆ ಒಂದು ಕೈಯ ಅಂಗೈ ಬುಡದಿಂದ 5 ಒತ್ತು. ವಸ್ತು ಹೊರಬರುವವರೆಗೆ ಹೀಗೇ. ಕಾಣದೇ ಇರುವಾಗ ಬಾಯಿಗೆ ಬೆರಳು ಹಾಕಿ ತಡಕಬಾರದು, ಇನ್ನೂ ಒಳಗೆ ಹೋಗುತ್ತದೆ. ಮಗು ಪ್ರಜ್ಞೆ ತಪ್ಪಿದರೆ 108ಕ್ಕೆ ಫೋನ್ ಮಾಡಿ ಸ್ಪೀಕರಿನಲ್ಲಿಟ್ಟು, 30 ಒತ್ತಿಗೆ 2 ಉಸಿರು. ಆಯಾ ಕೇಳಿದ ಪ್ರಶ್ನೆ: "ಪೆಟ್ಟು ಎಷ್ಟು ಜೋರ್ ಹಾಕಬೇಕ್ರಿ? ಕೂಸಿಗೆ ನೋವಾಗಂಗಿಲ್ಲೇನ್ರಿ?" ಎಲ್ಲರೂ ತಪ್ಪುವುದು ಇಲ್ಲೇ. ಬೆನ್ನು ಸವರಿದ ಹಾಗೆ ತಟ್ಟುತ್ತಾರೆ. ಬೊಂಬೆಯ ಮೇಲೆ ಪೆಟ್ಟಿನ ಸದ್ದು ಕೇಳಿಸುವಷ್ಟು ಹತ್ತು ಸಲ ಮಾಡಿಸಿದ ಮೇಲೆಯೇ ಕೈಗೆ ಅಂದಾಜು ಬಂತು.

ಆಮೇಲೆ

ಮೂರು ವಾರ ಹಿಂಡಿದ ಹಾಲಿನಲ್ಲಿ ಕಳೆದವು. ಎರಡು ದಿನ ಹಾಲು ಸಾಲದೆ ತಾಯಿ ಮಧ್ಯಾಹ್ನ ಓಡಿ ಬಂದದ್ದೂ ಇದೆ. ಆರು ತಿಂಗಳು ತುಂಬಿದ ಮೇಲೆ ರಾಗಿ ಸರಿ, ಬೇಯಿಸಿ ಮಸೆದ ಬಾಳೆಕಾಯಿ. ಆಯಾ ಒಂದು ಹಳೇ ನೋಟ್‌ಬುಕ್ಕಿನಲ್ಲಿ ಹೊತ್ತು, ಹಾಲು, ನಿದ್ದೆ, ಡೈಪರ್ ಬರೆಯುತ್ತಿದ್ದರು, ಕಾಗುಣಿತ ತಪ್ಪಿದರೂ ಅಂಕಿ ತಪ್ಪುತ್ತಿರಲಿಲ್ಲ.

ಏಳನೇ ತಿಂಗಳಲ್ಲಿ ಒಂದು ದಿನ 11 ಗಂಟೆ 40 ನಿಮಿಷಕ್ಕೆ ಮತ್ತೆ ಫೋನ್. "ಅಕ್ಕಾರ, ಕೂಸು ಮಂಚದ ಮ್ಯಾಲಿಂದ ಬಿತ್ರಿ. ಈಗ ಎರಡ್ ನಿಮಿಷ ಆತು. ಡೈಪರ್ ತಗೊಳಾಕ ತಿರುಗಿದ್ದೆ, ನಂದ ತಪ್ಪು." ಹಿಂದಿನ ದಿನವಷ್ಟೇ ಮಗು ಎರಡೂ ಕಡೆ ಉರುಳಲು ಕಲಿತಿತ್ತು. ತಾಯಿ ಯಾಕೆ, ಹೇಗೆ ಎಂದು ಕೇಳಲಿಲ್ಲ. ತಕ್ಷಣ ಅತ್ತಿತಾ? ವಾಂತಿ ಆಯಿತಾ? ಕಣ್ಣು ಬಿಟ್ಟು ನಿಮ್ಮನ್ನು ನೋಡುತ್ತಿದೆಯಾ? ತಲೆ ಮೇಲೆ ಬಾವು ಇದೆಯಾ, ಎಲ್ಲಿ? ಬಿದ್ದದ್ದು ಒಂದೂವರೆ ಅಡಿಯಿಂದ, ಹಣೆಯಲ್ಲಿ ಸಣ್ಣ ಬುಗುಟು, ಅತ್ತು ಸುಮ್ಮನಾಗಿತ್ತು. ಅರ್ಧ ಗಂಟೆಯೊಳಗೆ ಮೂವರೂ ಡಾಕ್ಟರ ಮುಂದಿದ್ದರು. ನೋಡಿದ ಡಾಕ್ಟರು ಗಾಬರಿಯೇನಿಲ್ಲ ಎಂದರು. ಒಂದು ದಿನ ಗಮನವಿಡಿ, ಪದೇ ಪದೇ ವಾಂತಿಯಾದರೆ, ಎಬ್ಬಿಸಿದರೂ ಏಳದ ಮಂಪರು, ಫಿಟ್ಸ್, ಕಿವಿ ಮೂಗಿನಿಂದ ನೀರು ಕಂಡರೆ ನೇರ ಆಸ್ಪತ್ರೆಗೆ ಬನ್ನಿ.

ಅಜ್ಜಿ ಆಯಾಗೆ ಊಟ ಬಡಿಸಿ ಪಕ್ಕದಲ್ಲೇ ಕೂತರು, ಏನೂ ಅನ್ನಲಿಲ್ಲ. ರಾತ್ರಿ ಗಂಡ ಮಂಚದಿಂದ ಹಾಸಿಗೆ ಇಳಿಸಿ ನೆಲಕ್ಕೆ ಹಾಕಿದರು. ಡೈಪರ್ ಬುಟ್ಟಿಯೂ ನೆಲಕ್ಕೆ ಬಂತು, ಹಾಸಿಗೆಯಿಂದ ಕೈಗೆಟುಕುವಷ್ಟು ಹತ್ತಿರ.